ಬುತ್ತಿ ತಿರುವಿನ ಆಷಾಢ

ಗಾಲಿಗೆ ಒತ್ತಿಕೊಂಡು ಕಾದ ಬ್ರೇಕ್ ಬ್ಲಾಕಿನ ವಾಸನೆಯನ್ನು ನಾನು ಕಣ್ಣು ಮುಚ್ಚಿಕೊಂಡೇ ಗುರುತಿಸಬಲ್ಲೆ. ಮೊದಲು ಸುಟ್ಟ ರಬ್ಬರಿನಂತೆ ಮೂಗಿಗೆ ಬಡಿಯುತ್ತದೆ. ಗಂಟಲಿಗೆ ಇಳಿಯುವಾಗ ಒಲೆಯ ಮೇಲೆ ಮರೆತ ಬರಿಯ ಕಾವಲಿಯಂತಾಗುತ್ತದೆ. ಕಳೆದ ಮಳೆಗಾಲದಲ್ಲಿ ಬಾರಕೂರಿನಿಂದ ರೈಲು ಹತ್ತಿ ಬೈಂದೂರಿಗೆ ಹೊರಟಿದ್ದೆ. ನಿಲ್ದಾಣ ಇನ್ನೇನು ಬಂತೆನ್ನುವಾಗ, ಬಲಕ್ಕೆ ಬಾಗುವ ತಿರುವಿನಲ್ಲಿ, ರೈಲು ನಿಂತಿತು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು.

ಎದುರು ಕುಳಿತಿದ್ದ ಮನುಷ್ಯ ಸೆರಗಿನಂತೆ ಪಂಚೆಯ ಅಂಚನ್ನು ಮೂಗಿಗೆ ಹಿಡಿದ. "ಹ್ವಾಯ್, ಕಿಟಕಿ ಹಾಕಿನಿ ಮಾರಾಯ್ರೆ. ಎಂತ ನಾತ ಇದ್! ಇಲ್ಲೇ ಅಲ್ದಾ ಆಸಾಡಿ ಅಮಾಸಿ ದಿನ ಲಾರಿ ರೈಲ್ ಬಿದ್ದದ್? ಅಮಾಸಿ ದಿನ ಹೊರಡೂಕಾಗ ಅಂಬುದ್ ಅದ್ಕೇ."

"ಅವತ್ತ್ ಅಮಾಸಿ ಅಲ್ಲ," ಎಂದೆ.

"ನಿಮ್ಗೆ ಹ್ಯಾಂಗ್ ಗೊತ್ತ್? ಊರಿಗ್ ಊರೇ ಹೇಳತ್ತ್."

ಊರಿಗೆ ಊರೇ ಹೇಳುವುದು ಪುರಾವೆಯಾಗುವುದಿಲ್ಲ. ಆ ದಿನವನ್ನು ನಾನು ಮೂರು ಕಡೆ ತಾಳೆ ನೋಡಿದ್ದೇನೆ. ಪಂಚಾಂಗದಲ್ಲಿ ಅದು ಆಷಾಢ ಬಹುಳ ಏಕಾದಶಿ. ನಮ್ಮ ಅಡುಗೆಮನೆಯ ಆ ವರ್ಷದ ಕ್ಯಾಲೆಂಡರಿನಲ್ಲಿ ನನ್ನ ಹೆಂಡತಿ ಆ ಚೌಕದೊಳಗೆ ಉಪವಾಸದ ಗುರುತನ್ನೂ ಗ್ಯಾಸ್ ಸಿಲಿಂಡರ್ ಬಂದ ಗುರುತನ್ನೂ ಹಾಕಿದ್ದಾಳೆ. ಯಾಂತ್ರಿಕ ದೋಣಿಗಳ ಮಳೆಗಾಲದ ನಿಷೇಧ ಅಂದು ಇನ್ನೂ ಮುಗಿದಿರಲಿಲ್ಲ ಎಂಬುದಕ್ಕೆ ಬಂದರಿನಲ್ಲಿ ಯಾರನ್ನು ಕೇಳಿದರೂ ಸಾಕ್ಷಿ ಸಿಗುತ್ತದೆ. ಅಮಾವಾಸ್ಯೆಗೆ ಇನ್ನೂ ದಿನಗಳಿದ್ದವು. ಆದರೂ ಜನರ ಬಾಯಲ್ಲಿ ಆ ದಿನ ತಾನಾಗಿ ಮುಂದೆ ಸರಿದು ಅಮಾವಾಸ್ಯೆಯ ಮೇಲೆ ಹೋಗಿ ಕುಳಿತಿದೆ. ಯಾಕೆ ಕುಳಿತಿತು ಎಂಬುದು ನನಗೆ ತಿಳಿದದ್ದು ಬೈಂದೂರಿನಲ್ಲಿ ಇಳಿದ ಮೇಲೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ವರ್ಷಗಳ ಹಿಂದಿನ ಆ ಅಪಘಾತದ ಮಳೆಗಾಲಕ್ಕೆ ಸ್ವಲ್ಪ ಮೊದಲು ನಾನು ಉತ್ತರದ ಊರೊಂದರಲ್ಲಿ ರೈಲ್ವೆಯ ನೌಕರನಾಗಿ ಸರಕು ವ್ಯಾಗನ್ನುಗಳ ಚಲನೆಯ ಕುರಿತು ಮಾಡುತ್ತಿದ್ದ ಸಂಶೋಧನೆಯ ಕೆಲಸದಿಂದ ನಿವೃತ್ತನಾಗಿ, ಬ್ರಹ್ಮಾವರದ ಮನೆಗೆ ಬಂದು ನೆಲೆಸಿದ್ದೆ. ಮನೆಯ ಹಿಂದಿನ ಗದ್ದೆಗಳಾಚೆ ರೈಲು ಹೋಗುವ ಸದ್ದು ಕೇಳುತ್ತಿತ್ತು. ಖಾಲಿ ವ್ಯಾಗನ್ ಯಾವುದು, ತುಂಬಿದ್ದು ಯಾವುದು ಎಂಬುದನ್ನು ಹಾಸಿಗೆಯಿಂದ ಏಳದೆಯೇ ಹೇಳುತ್ತಿದ್ದೆ. ಹೆಂಡತಿ, "ನಿಮ್ಗೆ ಪಿಂಚಣಿ ಕೊಟ್ಟದ್ದ್ ದಂಡ, ಇನ್ನೂ ಡ್ಯೂಟಿಯಲ್ಲೇ ಇದ್ದ್ರಿ," ಎನ್ನುತ್ತಿದ್ದಳು.

ನಮ್ಮ ಕರಾವಳಿಯ ಮಾರ್ಗದಲ್ಲಿ ಲಾರಿಗಳನ್ನೇ ಹೊತ್ತು ಸಾಗುವ ರೈಲು ಇರುವುದು ಓದುಗರಿಗೆ ಗೊತ್ತು. ಚಪ್ಪಟೆ ವ್ಯಾಗನ್ನುಗಳ ಮೇಲೆ ಲಾರಿಗಳು ಒಂದರ ಹಿಂದೊಂದು ಏರಿ ನಿಲ್ಲುತ್ತವೆ; ಚಾಲಕರು ತಮ್ಮ ತಮ್ಮ ಲಾರಿಯಲ್ಲೇ ಕುಳಿತು ಘಟ್ಟ, ಹೊಳೆ, ಸುರಂಗಗಳನ್ನು ದಾಟುತ್ತಾರೆ. ಮೀನುಗಾರಿಕೆಯ ನಿಷೇಧ ಮುಗಿಯುವ ಮುನ್ನ ಬೈಂದೂರಿನ ಮೀನು ಲಾರಿಗಳು ಖಾಲಿ ಪೆಟ್ಟಿಗೆಗಳನ್ನು ಹೇರಿಕೊಂಡು ಹೀಗೆಯೇ ಉತ್ತರಕ್ಕೆ ಹೋಗುತ್ತಿದ್ದವು. ಅಲ್ಲಿಯ ಬಂದರುಗಳಲ್ಲಿ ಮೊದಲ ದೋಣಿ ದಡಕ್ಕೆ ಬರುವಾಗ ಸಾಲಿನ ಮುಂದೆ ನಿಂತಿರಬೇಕು; ತಡವಾದವರಿಗೆ ಉಳಿದದ್ದೇ ಗತಿ.

ಆ ಲಾರಿಗಳ ಮನೆಯವರಿಗೆ ಒಂದು ಪದ್ಧತಿಯಿತ್ತು. ರೈಲು ಹತ್ತುವುದು ದೂರದ ದಕ್ಷಿಣದಲ್ಲಿ. ಹತ್ತಿದ ಮೇಲೆ ಅದು ಅವರ ಊರಿನ ಬಾಗಿಲಲ್ಲೇ ಹಾದು ಹೋಗಬೇಕು. ನಿಲ್ದಾಣದ ಹೊರಗಿನ ಆ ತಿರುವಿನಲ್ಲಿ ಅದರ ವೇಗ ಇಳಿಯುತ್ತದೆ. ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದು, ಮಾವಿನಕಾಯಿ ಕೊಯ್ಯುವ ದೋಟಿಯ ತುದಿಗೆ ಅದನ್ನು ಸಿಕ್ಕಿಸಿ ಮೇಲೆತ್ತುತ್ತಿದ್ದರು. ಲಾರಿಯ ಕಿಟಕಿಯಿಂದ ಕೈಯೊಂದು ಹೊರಬಂದು ಎಳೆದುಕೊಳ್ಳುತ್ತಿತ್ತು. ಮನೆಯ ಅನ್ನ ತಿಂದು ಗಡಿ ದಾಟಿದರೆ ಲಾರಿ ತುಂಬಿ ಬರುತ್ತದೆ ಎಂಬ ನಂಬಿಕೆ. ರೈಲು ಓಡಿಸುವವರು ತಮ್ಮತಮ್ಮೊಳಗೆ ಆ ಜಾಗಕ್ಕೆ ಬುತ್ತಿ ತಿರುವು ಎಂದೇ ಹೆಸರಿಟ್ಟಿದ್ದರು.

ಮುಂದಿನ ಅನರ್ಥವೆಲ್ಲ ಈ ಪದ್ಧತಿಯ ಎರಡು ವಿವರಗಳಲ್ಲಿದೆ. ರೈಲಿನ ಮುಂದಿನ ಲಾರಿಗಳು ತಿರುವಿಗೆ ಬರುವಾಗ ವೇಗ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಬಾಲದ ಲಾರಿಗಳು ಬರುವ ಹೊತ್ತಿಗೆ ಇಂಜಿನ್ ಮತ್ತೆ ಎಳೆಯತೊಡಗಿರುತ್ತದೆ. ದೋಟಿಗೆ ಸರಿಯಾಗಿ ಸಿಗುವುದು ನಡುವಿನ ವ್ಯಾಗನ್ನುಗಳು. ಆದ್ದರಿಂದ ಬೈಂದೂರಿನವರು ಹೇರುವ ನಿಲ್ದಾಣದಲ್ಲಿ ಉಳಿದವರೊಡನೆ ಗುದ್ದಾಡಿಯಾದರೂ ನಡುವಿನ ಜಾಗಗಳನ್ನೇ ಹಿಡಿಯುತ್ತಿದ್ದರು. ಅವರ ಮುಂದೆಯೂ ಹಿಂದೆಯೂ ಸಿಮೆಂಟು, ಕಬ್ಬಿಣ, ಗ್ರಾನೈಟು ಹೇರಿದ ಲಾರಿಗಳು. ನಡುವೆ ಇವರ ಖಾಲಿ ಲಾರಿಗಳು. ಎರಡನೆಯದು, ಚಾಲಕನ ಕಿಟಕಿ ಇರುವುದು ಬಲಕ್ಕೆ, ಎಂದರೆ ಉತ್ತರಕ್ಕೆ ಹೋಗುವಾಗ ಪೂರ್ವಕ್ಕೆ. ಊರಿನ ಕಾಲುದಾರಿ ಬರುವುದು ಪಶ್ಚಿಮದಿಂದ. ಬುತ್ತಿ ಕೊಡಬೇಕಾದವರು ಹಳಿ ದಾಟಲೇಬೇಕು.

ಆ ಏಕಾದಶಿಯ ಬೆಳಗ್ಗೆ ಮಳೆ ಬಿಟ್ಟಿತ್ತು. ಒಂದು ವಾರ ಬಿಡದೆ ಸುರಿದದ್ದು ನಿಂತು, ಆಷಾಢದಲ್ಲಿ ಅಪರೂಪವಾದ ಚುರುಕು ಬಿಸಿಲು ಬಂದು, ಹಳಿ ಒಣಗಿತ್ತು. ಹೆಂಗಸರೆಲ್ಲ ಮೊದಲೇ ದಾಟಿ ಪೂರ್ವದ ಬದಿಯಲ್ಲಿ ಸಾಲಾಗಿ ನಿಂತಿದ್ದರು. ಗಿರಿಜ ಮಾತ್ರ ತಡವಾಗಿ ಬಂದಳು. ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ ಕಟ್ಟಿಕೊಂಡು ಬಂದವಳು ಅರ್ಧ ದಾರಿಯಲ್ಲಿ ಮಿಡಿ ಉಪ್ಪಿನಕಾಯಿ ಮರೆತದ್ದು ನೆನಪಾಗಿ ಮನೆಗೆ ತಿರುಗಿ ಹೋಗಿದ್ದಳು. ಅವಳ ಗಂಡ ಮಂಜುನಾಥನಿಗೆ ಉಪ್ಪಿನಕಾಯಿ ಇಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಇಂಜಿನ್ನು ಕಾಣಿಸಿದ ಮೇಲೆ ಅವಳು ಹಳಿಯ ಮೇಲೆ ಕಾಲಿಟ್ಟಳು. ದೋಟಿಯ ತುದಿಯಿಂದ ಬುತ್ತಿ ಜಾರಿ ಹಳಿಗಳ ನಡುವೆ ಬಿತ್ತು. ಅವಳು ಅದನ್ನು ಹೆಕ್ಕಲು ಬಗ್ಗಿದಳು.

ಇಂಜಿನ್ ಓಡಿಸುತ್ತಿದ್ದವನು ಹಾಲಾಡಿಯ ಕರುಣಾಕರ ಶೆಟ್ಟಿ. ತುರ್ತು ಬ್ರೇಕ್ ಎಳೆದ. ಗಿರಿಜ ಬುತ್ತಿಯೊಡನೆ ಪೂರ್ವದ ಬದಿಗೆ ಹಾರಿಕೊಂಡಳು. ಮೈಯ ಮೇಲೆ ಒಂದು ಗೀರೂ ಆಗಲಿಲ್ಲ. ತಿರುವಿನ ಒಳಬದಿಯಲ್ಲಿ ನಿಂತವರಿಗೆ ಬಾಗಿದ ರೈಲು ತುದಿಯಿಂದ ಬಾಲದವರೆಗೆ ಕಾಣುತ್ತದೆ. ಅವಳೂ ಕಂಡಳು. ನಡುವಿನ ಒಂದು ವ್ಯಾಗನ್ ಮೆಲ್ಲನೆ ಎದ್ದು, ಹೊರಗಿನ ಹಳಿಯನ್ನು ಹತ್ತಿ, ತನ್ನ ಲಾರಿಯೊಡನೆ ಆಚೆ ಬದಿಯ ಗದ್ದೆಗೆ ಮಗುಚಿತು. ಅದು ಮಂಜುನಾಥನ ಲಾರಿ. ಅವನು ಬುತ್ತಿಗಾಗಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಈಚೆ ಬದಿಗೇ ನೋಡುತ್ತಿದ್ದನಂತೆ. ಎತ್ತುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಎರಡನೆಯ ದಿನವೇ ಮಳೆ ಮತ್ತೆ ಹಿಡಿಯಿತು. ಅದರೊಡನೆ ಮಾತೂ ಹಿಡಿಯಿತು. ಕುಂದಾಪುರದ ಹೋಟೆಲುಗಳಲ್ಲಿ, ಸಾಸ್ತಾನದ ಟೋಲಿನ ಬಳಿ ಲಾರಿ ನಿಲ್ಲಿಸಿ ಚಹಾ ಕುಡಿಯುವಲ್ಲಿ, ಒಂದೇ ತೀರ್ಪು. "ಮೀನ್ ಲಾರಿ ನೀರ್ ಮಾರಾಯ್ರೆ! ರೋಡಂಗೆ ಬೈಕಿನವ್ರನ್ನ ಬೀಳ್ಸಿ ಸಾಕಾಯ್ಲಿಲ್ಲೆ, ಈಗ ರೈಲನ್ನೂ ಜಾರ್ಸಿದ್ರ್." ಲಾರಿಗಳು ಖಾಲಿಯಿದ್ದವು, ಹನಿಯಷ್ಟು ನೀರೂ ಅವುಗಳಿಂದ ತೊಟ್ಟಿಕ್ಕುವಂತಿರಲಿಲ್ಲ ಎಂಬುದು ಯಾರಿಗೂ ಬೇಕಿರಲಿಲ್ಲ. ಅಷ್ಟಲ್ಲದೆ, ಗಾಲಿ ಹಳಿಯನ್ನು ಹತ್ತುವುದಕ್ಕೆ ಜಾರಿಕೆ ಕಾರಣವಾಗುವುದಿಲ್ಲ. ಒಣಗಿ ಒರಟಾದ ಹಳಿಯ ಹಿಡಿತವೇ ಗಾಲಿಯ ಅಂಚನ್ನು ಮೇಲಕ್ಕೆ ಏರಿಸುತ್ತದೆ. ಒದ್ದೆ ಹಳಿ ಆ ದಿನ ಮಂಜುನಾಥನನ್ನು ಉಳಿಸುತ್ತಿತ್ತೋ ಏನೋ. ಇದನ್ನು ಹೇಳಿದಾಗ ಪರಿಚಯದ ವೈದ್ಯರೊಬ್ಬರು ನಕ್ಕು, "ನಿಮ್ಮ ಲೆಕ್ಕದಲ್ಲಿ ಮಳೆ ಬಿಟ್ಟದ್ದೇ ತಪ್ಪಲ್ಲವೇ?" ಎಂದರು. ತಪ್ಪಲ್ಲ, ಕಾರಣಗಳಲ್ಲಿ ಒಂದು ಎಂದೆ.

ಎರಡನೆಯ ತೀರ್ಪು ಕರುಣಾಕರನ ಮೇಲೆ ಬಿತ್ತು: ಮೊಬೈಲ್ ನೋಡುತ್ತಿದ್ದ, ತೂಕಡಿಸಿ ಎಚ್ಚೆತ್ತು ಬ್ರೇಕ್ ಎಳೆದ. ಅವನ ಹೇಳಿಕೆಯಲ್ಲಿ ಹಳಿಯ ಮೇಲೆ ಹೆಂಗಸೊಬ್ಬಳಿದ್ದಳು. ಊರಿನವರು ಒಬ್ಬರು ಬಿಡದೆ, ಅಲ್ಲಿ ಯಾರೂ ಇರಲಿಲ್ಲ, ತಾವು ಸದ್ದು ಕೇಳಿ ಓಡಿ ಬಂದೆವು ಎಂದರು. ಇಂಜಿನ್ನಿನಲ್ಲಿದ್ದ ಸಹಾಯಕ ಚಾಲಕ ನಿಯಮದಂತೆ ತಿರುವಿನಲ್ಲಿ ಹಿಂದಕ್ಕೆ ತಿರುಗಿ ವ್ಯಾಗನ್ನುಗಳನ್ನು ನೋಡುತ್ತಿದ್ದ; ಮುಂದಿನದನ್ನು ಅವನು ಕಂಡಿರಲಿಲ್ಲ.

ಕರುಣಾಕರ ನಮ್ಮ ಮನೆಗೆ ಬಂದದ್ದು ಒಂದು ಸಂಜೆ, ಮಳೆ ಅಡ್ಡಡ್ಡ ಹೊಡೆಯುತ್ತಿದ್ದಾಗ. ಆರೋಪ ಹೊತ್ತ ನೌಕರನ ಪರವಾಗಿ ನಿವೃತ್ತ ನೌಕರನೊಬ್ಬ ವಿಚಾರಣೆಯಲ್ಲಿ ಕುಳಿತುಕೊಳ್ಳಬಹುದು ಎಂಬ ನಿಯಮವಿದೆ. ಅದನ್ನು ಹಿಡಿದುಕೊಂಡು ಬಂದಿದ್ದ. ಎತ್ತರದ ಆಳು, ಜಗಲಿಯಲ್ಲಿ ಕುಳಿತಾಗ ಮೊಣಕಾಲು ಎದೆಗೆ ಬಂತು.

"ಕೆಲ್ಸ ಹೋತ್ತ್ ಐತಾಳ್ರೆ. ಬ್ರೇಕ್ ತಪ್ಪ್ ಹಾಕ್ದೆ ಅಂತ ಬರೆದ್ರೆ ಹೋದ್ದೇ. ಸುಳ್ಳ್ ಹೇಳ್ದೆ ಅಂತಲೂ ಸೇರ್ಸ್ತ್ರ್."

"ಹೆಂಗ್ಸ್ ಇದ್ದದ್ದ್ ಖಂಡಿತವಾ?"

"ಬಗ್ಗಿದವ್ಳ್ ತಲೆ ಎತ್ತಿ ನನ್ನ ಮುಖ ಕಂಡ್ಳ್. ಆ ಮುಖ ನಂಗ್ ಗೊತ್ತಿತ್. ಹ್ವಾದ್ ವರ್ಷ ಅವ್ಳೇ ನಂಗೂ ಒಂದ್ ಬುತ್ತಿ ದೋಟಿಯಂಗೆ ಎತ್ತಿ ಕೊಟ್ಟಿದ್ಳ್." ಅವನು ಅಂಗಳದ ನೀರನ್ನು ನೋಡಿದ. ಆಮೇಲೆ ದನಿ ಏರಿಸದೆ ಹೇಳಿದ: "ಅವ್ಳ ಮೇಲ್ ಹತ್ಸಿ ಹೋಯ್ಕಿತ್ ಐತಾಳ್ರೆ. ಹತ್ಸಿದ್ರೆ ಒಂದ್ ವರದಿ ಬರ್ದ್ ಕೊಟ್ಟ್, ಸಂಜಿಗ್ ಮನಿಗ್ ಹೋಪುಕಾತಿತ್. ಉಳ್ಸೂಕ್ ಹೋದದ್ದಕ್ಕೆ ಈ ಪಾಡ್."

ನನ್ನ ಹೆಂಡತಿ ಒಳಗಿನಿಂದ, "ಶಿವ ಶಿವಾ," ಎಂದಳು. ಅವನ ಮಾತು ಕ್ರೂರವಾಗಿತ್ತು. ನಿಯಮದ ದೃಷ್ಟಿಯಲ್ಲಿ ಸರಿಯೂ ಆಗಿತ್ತು. ಹಳಿಯ ಮೇಲೆ ಬಂದವರು ಸತ್ತರೆ ಚಾಲಕನ ತಪ್ಪಿಲ್ಲ.

"ಊರಿನವ್ರ್ ಎಂತಕ್ ಒಪ್ಪೂದಿಲ್ಲೆ?" ಎಂದೆ.

"ಶೀನ ಬಿಡೂದಿಲ್ಲೆ. ಸತ್ತವ್ನ ಅಣ್ಣ. ಅವ್ನ್ ಹೇಳ್ದ್ ಮೇಲೆ ಆ ಕೇರಿಯಂಗೆ ಎರಡ್ ಮಾತಿಲ್ಲೆ."

ಎರಡು ದಿನ ಬಿಟ್ಟು ನಾನೊಬ್ಬನೇ ಆ ಕೇರಿಗೆ ಹೋದೆ. ಮೀನು ಒಣಗಿಸುವ ಸಿಮೆಂಟಿನ ಅಂಗಳದ ಬದಿಯಲ್ಲಿ, ಶೀಟು ಹೊದಿಸಿದ ಚಪ್ಪರದ ಕೆಳಗೆ ಹೆಂಗಸರು ಬಲೆ ಸರಿಮಾಡುತ್ತಿದ್ದರು. ಗಿರಿಜ ಮೂಲೆಯಲ್ಲಿದ್ದಳು, ಹಣೆ ಬರಿದಾಗಿತ್ತು. ಶೀನ ನನ್ನನ್ನು ಕುಳಿತುಕೊಳ್ಳಲು ಹೇಳಲಿಲ್ಲ. ಗಿಡ್ಡ, ಗಟ್ಟಿಮುಟ್ಟು, ನಗುವಾಗ ಕಣ್ಣು ನಗುತ್ತಿರಲಿಲ್ಲ.

"ಎಂತ ಐತಾಳ್ರೆ, ಮೀನ್ ವಾಸ್ನಿ ಆತ್ತಾ ನಿಮ್ಗೆ? ಏಕಾದಶಿ ಗೀಕಾದಶಿ ಇಲ್ಯಾ ಇವತ್ತ್?"

"ವ್ಯಾಗನ್ ಹ್ಯಾಂಗ್ ಬಿತ್ತ್ ಅಂತ ತೋರ್ಸೂಕೆ ಬಂದೆ," ಎಂದೆ.

"ಬಿದ್ದದ್ದನ್ನ ನಾವ್ ಕಂಡಿತ್. ಮತ್ತೆ ತೋರ್ಸೂದ್ ಎಂತಕ್?"

ನಾನು ಗೋಡೆಯ ಬಳಿಯಿದ್ದ ಮೀನಿನ ಪೆಟ್ಟಿಗೆಗಳನ್ನು ತೆಗೆದುಕೊಂಡೆ. ಕೆಲವಕ್ಕೆ ಕಲ್ಲು ತುಂಬಿದೆ. ಸಾಲಾಗಿ, ತುಸು ಬಾಗಿಸಿ, ಒಂದಕ್ಕೊಂದು ಮುಟ್ಟುವಂತೆ ಇಟ್ಟೆ. ನಡುವೆ ಖಾಲಿ ಪೆಟ್ಟಿಗೆಯೊಂದನ್ನು ಇಟ್ಟೆ. ಹೆಂಗಸರು ಬಲೆಯಿಂದ ಕೈ ತೆಗೆದರು. "ಐತಾಳ್ರ್ ಪೆಟ್ಟಿಗಿ ಆಟ ಆಡೂಕ್ ಬಂದದ್ದಾ?" ಎಂದು ಶೀನ ಎಲ್ಲರ ಕಡೆ ನೋಡಿದ, ಒಬ್ಬಳು ನಕ್ಕಳು.

ಉದ್ದದ ರೈಲಿನಲ್ಲಿ ಬ್ರೇಕ್ ಒಂದೇ ಕ್ಷಣಕ್ಕೆ ಎಲ್ಲ ವ್ಯಾಗನ್ನುಗಳಿಗೂ ಬೀಳುವುದಿಲ್ಲ ಎಂದು ಅವರಿಗೆ ವಿವರಿಸಿದೆ. ಇಂಜಿನ್ನಿನಲ್ಲಿ ಹಿಡಿ ಎಳೆದಾಗ ಕೊಳವೆಯ ಗಾಳಿ ಹೊರಗೆ ಹೋಗುತ್ತದೆ; ಆ ಸುದ್ದಿ ಮುಂದಿನಿಂದ ಹಿಂದಕ್ಕೆ ಒಂದೊಂದೇ ವ್ಯಾಗನ್ನಿಗೆ ಮುಟ್ಟಬೇಕು. ಮುಂದಿನವು ನಿಲ್ಲತೊಡಗಿದಾಗ ಹಿಂದಿನವು ತಮ್ಮ ಭಾರದೊಡನೆ ಇನ್ನೂ ನುಗ್ಗುತ್ತಿರುತ್ತವೆ. ವೇಗ ಕಡಿಮೆಯಿದ್ದರೆ ಈ ನೂಕು ಕಡಿಮೆ ಎಂದು ಜನ ತಿಳಿಯುತ್ತಾರೆ. ನಿಧಾನದಲ್ಲಿ ಪೂರ್ತಿ ಬ್ರೇಕ್ ಎಳೆದಾಗಲೇ ಮುಂದಿನವು ಬೇಗ ಕಚ್ಚಿ ನಿಂತು, ನೂಕು ಹೆಚ್ಚಾಗುತ್ತದೆ. ಸಿದ್ದಾಪುರದಿಂದ ಕುಂದಾಪುರಕ್ಕೆ ಬರುವ ಬಸ್ಸಿನಲ್ಲಿ ಎರಡು ದಢೂತಿ ಆಳುಗಳ ನಡುವೆ ನಿಂತ ಸಣಕಲನನ್ನು ನೆನೆಸಿಕೊಳ್ಳಿ ಎಂದೆ. ತಿರುವಿನಲ್ಲಿ ಬ್ರೇಕ್ ಬಿದ್ದರೆ ದಢೂತಿಗಳು ಒತ್ತಿಕೊಳ್ಳುತ್ತಾರೆ. ಸಣಕಲ ಪಕ್ಕಕ್ಕೆ ಚಿಮ್ಮುತ್ತಾನೆ.

ಮುಂದಿನ ಪೆಟ್ಟಿಗೆಯನ್ನು ಕಾಲಿನಿಂದ ತಡೆದು, ಹಿಂದಿನದನ್ನು ಎರಡೂ ಕೈಯಿಂದ ಬಲವಾಗಿ ನೂಕಿದೆ. ಕಲ್ಲಿನ ಪೆಟ್ಟಿಗೆಗಳು ಕದಲಿ ಒತ್ತಿಕೊಂಡವು. ಖಾಲಿ ಪೆಟ್ಟಿಗೆ ಸಾಲಿನಿಂದ ಎದ್ದು, ಹೊರಬದಿಗೆ ಮಗುಚಿ ಅಂಗಳದ ನೀರಿಗೆ ಬಿತ್ತು.

ಯಾರೂ ನಗಲಿಲ್ಲ. ಗಿರಿಜ ಎದ್ದು ಬಂದು ಬಿದ್ದ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಐತಾಳ್ರೆ, ಅವ್ರ್ ಲಾರಿ ಬಾಲಕ್ ಇದ್ದಿದ್ರೆ?"

"ಬೀಳ್ತಿರ್ಲಿಲ್ಲ."

"ಎದ್ರಿಗ್ ಇದ್ದಿದ್ರೆ?"

"ಆಗ್ಳೂ ಇಲ್ಲ. ಭಾರದವುಗಳ ನಡುವೆ ಖಾಲಿ ಇದ್ದದ್ದಕ್ಕೆ ಬಿತ್ತ್."

"ನಡುಗ್ ಇಟ್ಟದ್ದ್ ಬುತ್ತಿಗೆ," ಎಂದಳು, ತನಗೇ ಹೇಳಿಕೊಳ್ಳುವಂತೆ. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದಳು: "ಡ್ರೈವರ್ ಬ್ರೇಕ್ ಹಾಕ್ದೇ ಇದ್ದಿದ್ರೆ?"

ಶೀನ, "ಗಿರಿಜಾ, ಒಳಗ್ ಹೋಗ್!" ಎಂದು ಗದರಿದ. ಅವಳು ಅಲ್ಲಾಡಲಿಲ್ಲ.

ಇಂಥ ಪ್ರಶ್ನೆಗೆ ಬೇರೆಯವರು ಬೇರೆ ಉತ್ತರ ಕೊಟ್ಟಾರು. ವಿಧಿ ಎಂದಾರು, ದೇವರ ಇಚ್ಛೆ ಎಂದಾರು. ಕೇಳಿದ್ದಕ್ಕೆ ಸರಿಯಾದದ್ದನ್ನೇ ಹೇಳುವುದು ನನ್ನ ವೃತ್ತಿಯಾಗಿತ್ತು. "ಅವ್ರ್ ಬದ್ಕ್ತಿದ್ರ್. ಹಳಿ ಮೇಲ್ ಇದ್ದವ್ರ್ ಬದ್ಕ್ತಿರ್ಲಿಲ್ಲ," ಎಂದೆ.

"ಹಳಿ ಮೇಲ್ ಯಾರೂ ಇರ್ಲಿಲ್ಲೆ!" ಎಂದ ಶೀನ. "ಕೇಣಿ ಐತಾಳ್ರೆ, ನಿಮ್ಮ ಶೆಟ್ರನ್ನ ಉಳ್ಸೂಕೆ ಇವ್ಳನ್ನ ಹಳಿ ಮೇಲ್ ಹಾಕ್ಬೇಡಿ. ಇವ್ಳ್ ಮಾನ ನಾ ಕಾಯ್ತೆ."

ಅವನು ಕಾಯುತ್ತಿದ್ದ ಬಗೆಯನ್ನು ನಾನು ಹೊರಡುವಾಗಲೇ ಕಂಡೆ. ಹೆದ್ದಾರಿಯ ಕಡೆಗೆ ತಿರುಗಿದಾಗ ಹಿಂದಿನಿಂದ ಅವನ ದನಿ ಕೇಳಿಸಿತು, ಮೆಲ್ಲಗೆ, ಬಹುಶಃ ನನಗೆ ಕೇಳಿಸಬಾರದೆಂದು: "ನಾ ಒಂದ್ ಸಲ ಬಾಯಿ ಬಿಟ್ರೆ ನೀ ಯಾವ್ ಬಾಗ್ಲಿಗ್ ಹೋತೆ? ಹೇಳ್ದಷ್ಟ್ ಕೇಂಡ್ಕಂಡ್ ಬಿದ್ದಿರ್. ನಾಳೆಯಿಂದ ಕೊಟ್ಟಿಗಿ ಕೆಲ್ಸವೂ ನಿಂದೇ." ಉಳಿದ ಹೆಂಗಸರು ತಲೆ ಬಗ್ಗಿಸಿ ಬಲೆಯ ಗಂಟು ಹಾಕುತ್ತಿದ್ದರು. ಅವರ ಮೌನ ಅವಳ ಮೇಲಿನ ಕರುಣೆಯಿಂದ ಹುಟ್ಟಿರಬಹುದು. ಆದರೆ ಅದರ ಬಾರುಕೋಲು ಶೀನನ ಕೈಯಲ್ಲಿತ್ತು.

ವಿಚಾರಣೆ ಬೈಂದೂರು ನಿಲ್ದಾಣದ ಒಂದು ಕೋಣೆಯಲ್ಲಿ ನಡೆಯಿತು. ಅದು ಶ್ರಾವಣ ಮಾಸ; ದೋಣಿಗಳು ಕಡಲಿಗಿಳಿದಿದ್ದವು. ಇದನ್ನೂ ತಾಳೆ ನೋಡಿದ್ದೇನೆ, ಏಕೆಂದರೆ ಆ ದಿನ ಶೀನ ಬಂದಿರಲಿಲ್ಲ, ಕಡಲಿನಲ್ಲಿದ್ದ. ನಾನು ಹಳಿಯ ನೆತ್ತಿಯ ಮೇಲೆ ಗಾಲಿಯ ಅಂಚು ಎಳೆದ ಓರೆ ಗೆರೆಯ ಚಿತ್ರವನ್ನು ಮುಂದಿಟ್ಟು, ವ್ಯಾಗನ್ನುಗಳ ಭಾರದ ಕ್ರಮವನ್ನು ವಿವರಿಸಿದೆ. ಅಧಿಕಾರಿಗಳು ಎಲ್ಲವನ್ನೂ ಒಪ್ಪಿದರು. ಹಿರಿಯರು ಕನ್ನಡಕ ತೆಗೆದು ಹೇಳಿದರು: "ವ್ಯಾಗನ್ ಯಾಕೆ ಬಿತ್ತು ಎಂಬುದು ಸರಿ. ಬ್ರೇಕ್ ಯಾಕೆ ಬಿತ್ತು ಎಂಬುದಕ್ಕೆ ನಿಮ್ಮಲ್ಲಿ ಚಾಲಕನ ಮಾತು ಬಿಟ್ಟರೆ ಏನಿದೆ?" ನನ್ನಲ್ಲಿ ಏನೂ ಇರಲಿಲ್ಲ. ಕರುಣಾಕರ ತನ್ನ ಅಂಗೈಯನ್ನು ನೋಡುತ್ತ ಕುಳಿತ.

ಆಗ ಬಾಗಿಲ ಬಳಿ ಗಲಾಟೆಯಾಯಿತು. ಗಿರಿಜ ಒಬ್ಬಳೇ ಬಂದಿದ್ದಳು. ಕೈಯಲ್ಲಿ ಆ ದೋಟಿ. ಕಾವಲಿನವನು ಅದನ್ನು ಹೊರಗೆ ಇಡಲು ಹೇಳುತ್ತಿದ್ದ, ಅವಳು ಬಿಡುತ್ತಿರಲಿಲ್ಲ.

"ನಾ ಇದ್ದೆ," ಎಂದಳು. "ಬುತ್ತಿ ಬಿತ್ತ್. ಹೆಕ್ಕೂಕೆ ಬಗ್ದೆ. ಶೆಟ್ರ್ ಸುಳ್ಳ್ ಹೇಳೂದಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳ್ರೆ ಗಂಡನ್ನ ಕೊಂದವ್ಳ್ ಅಂಬ್ರ್." ಅವಳು ನನ್ನ ಕಡೆ ಬೆರಳು ತೋರಿಸಿದಳು. "ಇವ್ರ್ ಬಂದ್ ಪೆಟ್ಟಿಗಿ ನೂಕಿ ತೋರ್ಸಿದ್ ಮೇಲೆ, ಹೇಳ್ದೇ ಇದ್ರೂ ಅದೇ ಅಂತ ಗೊತ್ತಾಯ್ತ್. ಇನ್ನ್ ಶೆಟ್ರ ಕೆಲ್ಸ ಯಾಕೆ ತಿನ್ಕ್ ನಾನ್?"

ಕರುಣಾಕರ ತಲೆ ಎತ್ತಲಿಲ್ಲ. ಅವಳು ಹೊರಗೆ ಹೋಗುವಾಗ ಅವನ ಎದುರು ಒಂದು ಗಳಿಗೆ ನಿಂತಳು. ಅವನು ಏನಾದರೂ ಹೇಳುತ್ತಾನೆಂದು ಕಾದಳೆಂದು ಕಾಣುತ್ತದೆ. ಅವನು ಅಂಗೈಯನ್ನೇ ನೋಡುತ್ತಿದ್ದ.

ತೀರ್ಮಾನ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಬ್ರೇಕ್ ಎಳೆದದ್ದು ತಪ್ಪಲ್ಲ ಎಂದಾಯಿತು. ಹೇಳಿಕೆ ಸುಳ್ಳಲ್ಲ ಎಂದೂ ಆಯಿತು. ಆದರೆ ಬುತ್ತಿಯ ಪದ್ಧತಿ ಗಿರಿಜಳ ಬಾಯಿಯಿಂದಲೇ ಹೊರಬಂದಿತ್ತು. ಚಾಲಕನಿಗೆ ಅದು ಮೊದಲೇ ತಿಳಿದಿತ್ತೇ ಎಂದು ಕೇಳಿದಾಗ ಕರುಣಾಕರ ಹೌದೆಂದ. ತಿಳಿದೂ ತಿಳಿಸಲಿಲ್ಲ ಎಂಬ ಕಾರಣಕ್ಕೆ ಅವನನ್ನು ಇಂಜಿನ್ನಿನಿಂದ ಇಳಿಸಿ, ಯಾರ್ಡಿನ ಕೆಲಸಕ್ಕೆ ಹಾಕಿದರು. ಸಂಬಳ ಉಳಿಯಿತು, ಇಂಜಿನ್ನು ಉಳಿಯಲಿಲ್ಲ. ಅವನು ನನಗೆ ಮತ್ತೆ ಫೋನ್ ಮಾಡಲಿಲ್ಲ.

ಖಾಲಿ ಲಾರಿಗಳನ್ನು ಭಾರದವುಗಳ ನಡುವೆ ಹೇರಬಾರದು, ಬಾಲಕ್ಕೆ ಹಾಕಬೇಕು ಎಂಬ ನನ್ನ ಸಲಹೆಯನ್ನು ಒಪ್ಪಿಕೊಂಡರು. ಬೈಂದೂರಿನವರ ಲಾರಿಗಳು ಇಂದಿಗೂ ರೈಲಿನ ಬಾಲದಲ್ಲೇ ಹೋಗುತ್ತವೆ. ತಿರುವಿನ ಎರಡೂ ಬದಿಗೆ ಬೇಲಿ ಬಂದಿದೆ. ಆಮೇಲೆ ಅಲ್ಲಿ ಯಾವ ವ್ಯಾಗನ್ನೂ ಹಳಿ ತಪ್ಪಿಲ್ಲ.

ಕಡಲಿನಿಂದ ಮರಳಿ ಸುದ್ದಿ ಕೇಳಿದ ಶೀನ ಗಿರಿಜಳಿಗೆ ಬಾಗಿಲು ತೆರೆಯಲಿಲ್ಲ. ಅವಳ ಬಟ್ಟೆಯ ಗಂಟನ್ನೂ, ಮಂಜುನಾಥನ ಫೋಟೋವನ್ನೂ ಜಗಲಿಯಲ್ಲಿ ಇಟ್ಟಿದ್ದ. ಫೋಟೋವನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದನಂತೆ. ಬಲೆ ಸರಿಮಾಡುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ಅವಳನ್ನು ಒಳಗೆ ಕರೆಯಲಿಲ್ಲ; ಅವಳು ಹೇಳಿದ್ದರಿಂದ ತಾವೆಲ್ಲ ಸುಳ್ಳು ಹೇಳಿದವರಾದೆವು ಎಂಬುದು ಅವರ ಸಿಟ್ಟು. ಮೀನು ಮಾರುವಾಗ ಮಕ್ಕಳು ಕೂಗುತ್ತಿದ್ದರು: "ಉಪ್ಪಿನಕಾಯಿ ತಂದ್ಯಾ ಗಿರಿಜಕ್ಕಾ?" ತಡವಾದ ಕಾರಣವನ್ನು ಅವಳೇ ವಿಚಾರಣೆಯಲ್ಲಿ ಹೇಳಿದ್ದಳು.

ಇಷ್ಟೆಲ್ಲ ಆಗಿ ವರ್ಷಗಳ ಮೇಲೆ, ಕಳೆದ ಮಳೆಗಾಲದಲ್ಲಿ, ನಾನು ಬೈಂದೂರಿನ ಮೀನು ಮಾರ್ಕೆಟಿನ ಬಳಿ ಅವಳನ್ನು ಕಂಡೆ. ಕೂದಲು ನರೆತಿತ್ತು. ಬುಟ್ಟಿಯಲ್ಲಿ ಭೂತಾಯಿ ಇತ್ತು. ಮಳೆಗೆ ಪ್ಲಾಸ್ಟಿಕ್ ಹೊದ್ದು ಕುಳಿತಿದ್ದವಳು ನನ್ನನ್ನು ಗುರುತು ಹಿಡಿದಳು.

"ಐತಾಳ್ರಾ? ಮೀನ್ ತಿಂಬುಕೆ ಶುರು ಮಾಡಿದ್ರ್ಯಾ?" ಎಂದು ನಕ್ಕಳು. ಪಕ್ಕದ ಹೆಂಗಸರೂ ನಕ್ಕರು. ಅವಳು ಮತ್ತೆ ಅವರೊಡನೆ ಕುಳಿತುಕೊಳ್ಳುವಷ್ಟು ದಿನಗಳು ಕಳೆದಿದ್ದವು.

ಆ ವರ್ಷದ ಬಗ್ಗೆ ಬರೆಯಬೇಕೆಂದಿದ್ದೇನೆ ಎಂದೆ. ಅವಳ ಕೈ ಮೀನಿನ ಮೇಲೆ ನಿಂತಿತು.

"ಎಂತ ಬರೀತ್ರಿ?"

"ಆದದ್ದನ್ನ."

ಅವಳು ಪಕ್ಕದವಳು ಗಿರಾಕಿಯೊಡನೆ ಮಾತಿಗೆ ತೊಡಗುವವರೆಗೆ ಕಾದು, ದನಿ ತಗ್ಗಿಸಿದಳು. "ಹಾಂಗಾರೆ ಒಂದ್ ಮಾಡಿನಿ. ಅಮಾಸಿ ದಿನ ಆದ್ದ್ ಅಂತ ಬರಿನಿ. ನಾನೇ ಎಲ್ರಿಗೂ ಹಾಂಗ್ ಹೇಳ್ತಾ ಬಂದದ್ದ್. ಮೊದ್ಲ್ ಯಾರೂ ನಂಬ್ಲಿಲ್ಲೆ. ಹೇಳ್ತಾ ಹೇಳ್ತಾ ಈಗ ಊರೇ ಹಾಂಗ್ ಹೇಳತ್ತ್. ಅಮಾಸಿ ಆದ್ರೆ ದಿನದ್ ತಪ್ಪ್ ಆತ್ತ್. ಈಗ ನನ್ನ ಹತ್ರ ಮೀನ್ ತಕಂತ್ರ್, ಕೂಕಂತ್ರ್. ನಿಮ್ಗೆ ಎಂತ ಹೋತ್ತ್ ಐತಾಳ್ರೆ?"

ನಾನು ಉತ್ತರ ಹೇಳಲಿಲ್ಲ. ಅವಳು ಅದನ್ನು ಒಪ್ಪಿಗೆ ಎಂದು ತಿಳಿದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, "ಬಪ್ಪ ವರ್ಷ ಬಂದ್ರೆ ಮಾತಾಡ್ಸಿ ಹೋಯಿನಿ," ಎಂದಳು.

ಮನೆಗೆ ಬಂದು ಪಂಚಾಂಗವನ್ನು ಮತ್ತೊಮ್ಮೆ ತೆಗೆದು ನೋಡಿದೆ. ಮೊದಲು ನೋಡಿದ್ದು ತಪ್ಪಾಗಿರಬಹುದೇ ಎಂದು ಹೆಂಡತಿಯ ಕ್ಯಾಲೆಂಡರನ್ನೂ ಅಟ್ಟದಿಂದ ಇಳಿಸಿದೆ. ತಪ್ಪಾಗಿರಲಿಲ್ಲ. ಅಂದು ಏಕಾದಶಿ, ದೇವರ ದಿನ. ಮಳೆ ಬಿಟ್ಟಿತ್ತು, ಹಳಿ ಒಣಗಿತ್ತು, ಹಗಲು ಚೆನ್ನಾಗಿ ಬೆಳಗಿತ್ತು. ದಿನದಲ್ಲಿ ಯಾವ ದೋಷವೂ ಇರಲಿಲ್ಲ.